ಖಾಲಿ ಬುಟ್ಟಿ ಹೊತ್ತು ಕಾಲುವೆ ದಂಡೆಯ ಮೇಲೆ

ಎದೆಯಲ್ಲಿರುವ ಗಂಟು ಕ್ಯಾನ್ಸರ್ ಎಂದು ಲಿಂಗಸುಗೂರಿನ ದವಾಖಾನೆಯಲ್ಲಿ ಹೇಳಿದಾಗ ನಾನು ಕೇಳಿದ್ದು ಒಂದೇ ಮಾತು.

"ನಾಟಿ ಶುರುವಾಗೂದ್ರಾಗ ಮುಗಿತೈತೇನ್ರಿ?"

ಡಾಕ್ಟರ್ ಹೆಣ್ಣುಮಗಳು, ಎಲ್ಲರೂ ಡಾಕ್ಟರ್ ಬಾಯಿ ಎನ್ನುತ್ತಿದ್ದರು, ನನ್ನ ಮಗಳ ವಯಸ್ಸು ಇದ್ದೀತು. ಕೈಯಲ್ಲಿದ್ದ ಕಾಗದ ಕೆಳಗಿಟ್ಟು ನನ್ನ ಮುಖ ನೋಡಿದರು.

"ಇಲ್ರೀ ಅಮ್ಮಾ. ನಾಟಿ ಮುಗದು ಕೊಯ್ಲಿಗೆ ಬಂದ್ರೂ ಮುಗಿಯಂಗಿಲ್ಲ. ಗಂಟು ದೊಡ್ಡದೈತಿ, ಚರ್ಮಕ್ಕ ಅಂಟ್ಕೊಂಡೈತಿ. ಈಗ ಕೊಯ್ಯಾಕ ಬರಂಗಿಲ್ಲ. ಮೊದಲ ಸಲೈನ್‌ನಾಗ ಔಷಧ ಬಿಡ್ತೀವಿ. ಕುಗ್ಗಿದ್ರ ಆಪರೇಶನ್. ಕುಗ್ಗಲಿಲ್ಲಂದ್ರ ನನ್ನ ಕೈಯಾಗ ಭಾಳ ಏನೂ ಉಳಿಯಂಗಿಲ್ಲ. ನಡುವ ಬಿಡಬಾರದು, ಅದೊಂದು ನೆನಪಿರ್ಲಿ."

"ಆಯ್ತ್ರಿ" ಎಂದೆ. ಜೊತೆಗೆ ಬಂದಿದ್ದ ಸೊಸೆ ಹೊರಗೆ ಹೋಗಿ ಅತ್ತಳು. ನನಗೆ ಅಳು ಬರಲಿಲ್ಲ, ಹೆದರಿಕೆಯೂ ಆಗಲಿಲ್ಲ. ಸಿಂಧನೂರಿನ ಬಸ್ಸು ತಪ್ಪಿದರೆ ಮುಂದಿನದಕ್ಕೆ ಬಿಸಿಲಿನಲ್ಲಿ ಕಾಯಬೇಕಲ್ಲ ಎನ್ನುವುದಷ್ಟೇ ತಲೆಯಲ್ಲಿತ್ತು.

ನನ್ನ ಊರು ತುರ್ವಿಹಾಳದ ಮಗ್ಗುಲಲ್ಲಿದೆ. ನಾಟಿ ಬಂತೆಂದರೆ ನಮ್ಮ ಓಣಿಯ ಹೆಣ್ಣಾಳುಗಳನ್ನು ಕರೆದುಕೊಂಡು ಗೊರೇಬಾಳ, ಆರ್.ಎಚ್. ಕ್ಯಾಂಪು, ಎಲ್ಲಿ ಕಾಲುವೆ ನೀರು ಬಿಟ್ಟಿರುತ್ತಾರೋ ಅಲ್ಲಿಗೆ ಟಂಟಂ ಆಟೋದಲ್ಲಿ ಹೋಗುತ್ತಿದ್ದೆ. ಗದ್ದೆಯಲ್ಲಿ ಮುಂದಿನ ಸಾಲು ನನ್ನದಾಗಿತ್ತು. ನನ್ನ ಸಾಲು ನೋಡಿ ಉಳಿದವರು ತಮ್ಮ ಸಾಲು ಹಿಡಿಯುತ್ತಿದ್ದರು. ನಾನು ಸೊಂಟ ಎತ್ತಿದರೆ ಅವರೂ ಎತ್ತುತ್ತಿದ್ದರು. ಹಾಡು ತೆಗೆಯುವವಳೂ ನಾನೇ. ಆ ಸಾಲನ್ನು ಯಾರೂ ನನಗೆ ಕೊಟ್ಟದ್ದಲ್ಲ. ಕೈ ಚುರುಕಿದ್ದವಳಿಗೆ ಅದು ತಾನಾಗಿ ಬರುತ್ತದೆ, ಕೈ ಸೋತಾಗ ತಾನಾಗಿ ಹೋಗುತ್ತದೆ. ನನ್ನದು ಹೋಗುವ ಕಾಲ ಬಂದಿದೆ ಎಂದು ನಾನು ತಿಳಿದಿರಲಿಲ್ಲ.

ಮೊದಲ ಔಷಧ ಕೆಂಪಗಿತ್ತು. ಅದು ಮೈಯೊಳಗೆ ಹೋದ ಮೇಲೆ ಅನ್ನದ ವಾಸನೆ ಬಂದರೂ ಹೊಟ್ಟೆ ತೊಳಸುತ್ತಿತ್ತು. ಕೂದಲು ಉದುರಿತು. ಅದಕ್ಕೆ ಸೆರಗು ಇದ್ದೇ ಇದೆ. ಸೊಸೆ ಪಡಸಾಲೆಯ ಹಗ್ಗದ ಹೊರಸನ್ನು ಒಳಕೋಣೆಗೆ ತಂದು ಮೆತ್ತಗಿನ ಕೌದಿ ಹಾಸಿದಳು. ಅಂದಿನಿಂದ ನಾನು ಆ ಹೊರಸಿನವಳು. ನೀರಿನ ಚರಗಿ ಅವಳೇ ತಂದು ಕೈಗೆ ಕೊಡುವಳು. ನಾನು ಕಾಲು ಕೆಳಗಿಟ್ಟರೆ ಓಡಿ ಬರುವಳು. ನಮ್ಮ ಕಡೆ ಇದು ಹೀಗೇ. ರೋಗಿ ಎದ್ದು ಕಸ ಹೊಡೆಯುವುದನ್ನು ಬೀಗರು ಕಂಡರೆ ರೋಗಿಯನ್ನು ಬೈಯುವುದಿಲ್ಲ, ಮನೆಯ ಸೊಸೆಯನ್ನು ಬೈಯುತ್ತಾರೆ. ನೋಡಲು ಬಂದವರು ಬಾಗಿಲಲ್ಲೇ ಅಳಲು ಶುರು ಮಾಡುತ್ತಿದ್ದರು. ಅತ್ತು ಮುಗಿದ ಮೇಲೆ ಚಹಾ ಕುಡಿದು ಹೋಗಿರೆಂದು ನಾನೇ ಹೇಳುತ್ತಿದ್ದೆ.

ಹೀಗೆ ಬಿದ್ದುಕೊಂಡು ತೊಡೆ ಸೊರಗಿದವು. ಬಚ್ಚಲಿಗೆ ಹೋಗಲು ಗೋಡೆ ಹಿಡಿಯಬೇಕಾಯಿತು. ಮುಂದಿನ ಸಲೈನಿಗೆ ಹೋದಾಗ ಡಾಕ್ಟರ್ ಬಾಯಿ ನನಗೆ ಕುರ್ಚಿಯಿಂದ ಕೈ ಊರದೆ ಎದ್ದು ನಿಲ್ಲಿರಿ ಎಂದರು. ನಿಲ್ಲಲು ಆಗಲಿಲ್ಲ.

"ಮನಿಯಾಗ ಏನ್ ಮಾಡ್ತೀರಿ?"

ಸೊಸೆ ಮುಂದೆ ಬಂದು ಹೇಳಿದಳು. "ಏನೂ ಮಾಡಾಕ ಬಿಡಂಗಿಲ್ರಿ. ಹೊರಸು ಬಿಟ್ಟು ಇಳಿಸಿಲ್ಲ ನಾ."

"ಅದಽ ತಪ್ಪಾಗಾಕತ್ತೈತಿ ನೋಡ್ರಿ. ಹಿಂಗಽ ಆದ್ರ ಪೂರಾ ಔಷಧ ತಡಕೊಳ್ಳಾಕ ಇವರ ಮೈಗೆ ಆಗಂಗಿಲ್ಲ. ನಾ ಔಷಧ ಕಮ್ಮಿ ಮಾಡಬೇಕಾಗ್ತೈತಿ. ದಿನಾ ನಡಸ್ರಿ. ಉಸಿರು ಏರೂ ಹಂಗ ನಡಸ್ರಿ."

ಸೊಸೆಯ ಮುಖ ಇಳಿಯಿತು. ನಾನು ಕೇಳಿದೆ: "ನಡದ್ರ ಗಂಟಿಗೇನಾಗ್ತೈತ್ರಿ? ಕಾಲಿಗೂ ಎದಿಗೂ ಏನ್ ಸಂಬಂಧ?"

ಡಾಕ್ಟರ್ ಬಾಯಿ ಕುರ್ಚಿ ಹತ್ತಿರ ಎಳೆದುಕೊಂಡು ಹೇಳಿದರು. ನನಗೆ ತಿಳಿದಷ್ಟು ಹೇಳುತ್ತೇನೆ. ತೊಡೆಯ ಮಾಂಸಖಂಡ ಬರೀ ಎತ್ತಿ ಇಳಿಸುವ ಕೆಲಸಕ್ಕಲ್ಲ. ಅದು ದುಡಿಯುವಾಗ ತನ್ನೊಳಗಿಂದ ಕೆಲವು ರಸ ರಕ್ತಕ್ಕೆ ಬಿಡುತ್ತದೆ. ರಕ್ತದಲ್ಲಿ ಕಾವಲು ಕಾಯುವ ಬಿಳಿ ಕಣಗಳು ಇರುತ್ತವೆ. ಕೆಟ್ಟ ಕಣವನ್ನು ಗುರುತಿಸಿ ಕೊಲ್ಲುವಂಥವೂ ಅವುಗಳಲ್ಲಿವೆ. ಮೈ ಸುಮ್ಮನಿದ್ದಾಗ ಅವುಗಳಲ್ಲಿ ಬಹಳಷ್ಟು ಎಡಪಕ್ಕೆಯ ಗುಲ್ಮದಲ್ಲಿ, ರಕ್ತನಾಳಗಳ ಗೋಡೆಯಲ್ಲಿ ಅಂಟಿಕೊಂಡು ಕೂತಿರುತ್ತವೆ. ಉಸಿರು ಏರಿ ಎದೆ ಬಡಿದುಕೊಂಡರೆ ಬಿಟ್ಟುಕೊಂಡು ತಿರುಗಾಡಲು ಹೊರಡುತ್ತವೆ. ಇನ್ನು ಸಕ್ಕರೆ. ಗಂಟು ಬೆಳೆಯಲು ರಕ್ತದ ಸಕ್ಕರೆ ತಿನ್ನುತ್ತದೆ. ದುಡಿಯುವ ಮಾಂಸಖಂಡವೂ ಅದನ್ನೇ ತಿನ್ನುತ್ತದೆ. ನಡೆದಾಡುವ ಮೈಯಲ್ಲಿ ಸಕ್ಕರೆಯನ್ನು ಆಳುವ ರಸವೂ ಹದ್ದುಬಸ್ತಿನಲ್ಲಿರುತ್ತದೆ. ಅದು ಹೆಚ್ಚಾದರೆ ಗಂಟಿಗೆ ಬೆಳೆ ಎಂದು ಹೇಳಿದ ಹಾಗೆ. ಕಡೆಯದಾಗಿ, ಗಂಟಿನೊಳಗಿನ ರಕ್ತನಾಳಗಳು ಸೊಟ್ಟಪಟ್ಟ ಇರುತ್ತವೆ, ಔಷಧ ಅದರ ನಡುವಿನ ತನಕ ಮುಟ್ಟುವುದಿಲ್ಲ. ಓಡಾಡುವ ಮೈಯಲ್ಲಿ ಆ ದಾರಿ ಸ್ವಲ್ಪ ನೆಟ್ಟಗಾಗುತ್ತದೆ.

"ಕಾಲುವಿ ಕೊನಿ ಭಾಗದ ಹೊಲ ಇದ್ದಂಗ" ಎಂದೆ. "ಮ್ಯಾಲಿನವ್ರಿಗೆ ನೀರು ಬರ್ತೈತಿ. ಕೊನಿಗೆ ತೂಬು ಹೂಳು ತುಂಬಿ ಬರಂಗಿಲ್ಲ."

"ಹಂಗಽ ತಿಳ್ಕೋರಿ. ಆದ್ರ ಒಂದು ಮಾತು. ಇದರಾಗ ಭಾಳಷ್ಟು ಇಲಿಗಳ ಮೈಯಾಗ ನೋಡಿದ್ದು. ಚಕ್ರ ಕೊಟ್ಟು ಓಡ್ಸಿ ನೋಡ್ಯಾರ. ಮನುಷ್ಯಾರಾಗ ಇನ್ನೂ ನೋಡಾಕತ್ತಾರ. ನಡದ್ರ ಕ್ಯಾನ್ಸರ್ ಹೋಗ್ತೈತಿ ಅಂತ ನಾ ಹೇಳಿಲ್ಲ. ಔಷಧಾನಽ ಮುಖ್ಯ."

ಅವರು ಹೇಳಿದ್ದರಲ್ಲಿ ನಾನು ಹಿಡಿದುಕೊಂಡದ್ದು ಒಂದೇ, ಮೈ ದುಡಿಯಬೇಕು. ಮೈ ದುಡಿಸುವುದು ನನಗೆ ಹೊಸದೇ? ಊರಿಗೆ ಬಂದು ಜೋಡಿಯವಳಿಗೆ ಹೇಳಿದೆ. ಗದ್ದೆಯಲ್ಲಿ ನನ್ನ ಮಗ್ಗುಲ ಸಾಲು ಹಿಡಿಯುವವಳು ಅವಳು. ನನಗಿಂತ ಚಿಕ್ಕವಳು, ಬಾಯಿ ಮಾತ್ರ ದೊಡ್ಡದು.

"ಹಂಗಂದ್ರ ನಮ್ ಕೂಡ ಬಾ ಯಕ್ಕಾ! ನಾಟಿಕಿಂತ ಯಾವ ಕಸರತ್ತೈತಿ? ಪ್ಯಾಟಿಯವ್ರು ರೊಕ್ಕ ಕೊಟ್ಟು ಬಗ್ಗತಾರ. ನಮಗ ರೊಕ್ಕ ಕೊಟ್ಟು ಬಗ್ಗಸ್ತಾರ."

ಸುತ್ತ ಕೂತಿದ್ದ ಹೆಣ್ಣಾಳುಗಳೆಲ್ಲ ನಕ್ಕರು. ನನಗೂ ಸರಿ ಎನಿಸಿತು. ಆ ಹೊತ್ತಿಗೆ ಔಷಧ ಬದಲಾಗಿತ್ತು. ಹೊಸ ಔಷಧಕ್ಕೆ ವಾಂತಿ ಕಡಿಮೆ, ಆದರೆ ಕೈಬೆರಳ ತುದಿ, ಅಂಗಾಲು ಜೋಮು ಹಿಡಿದಿದ್ದವು. ಕೂತು ಎದ್ದ ಮೇಲೆ ಬಿಡುವ ಜೋಮಲ್ಲ. ಬಂದದ್ದು ಅಲ್ಲೇ ನಿಂತಿತ್ತು. ಅದನ್ನು ಲೆಕ್ಕಕ್ಕೆ ಇಡಲಿಲ್ಲ. ಸೊಸೆ ಬೇಡವೆಂದಳು, ಡಾಕ್ಟರ್ ಬಾಯೇ ಹೇಳಿದ್ದಾರೆ ಎಂದು ಅವಳ ಬಾಯಿ ಮುಚ್ಚಿಸಿ ಗೊರೇಬಾಳದ ಗದ್ದೆಗೆ ಹೋದೆ.

ನಾಟಿ ಹಚ್ಚುವ ಕೆಲಸ ಕಣ್ಣಿನದಲ್ಲ, ಬೆರಳಿನದು. ಎಡಗೈಯಲ್ಲಿ ಸಸಿಯ ಸೂಡು. ಬಲಗೈ ಹೆಬ್ಬೆರಳು ಅದರಿಂದ ಎರಡೋ ಮೂರೋ ಸಸಿ ಬಿಡಿಸಿಕೊಳ್ಳಬೇಕು, ಬೇರನ್ನು ಕೆಸರಿಗೆ ಒತ್ತಬೇಕು, ತಳದ ಗಟ್ಟಿ ಮಣ್ಣು ಬೆರಳಿಗೆ ತಾಗಿದ ಕೂಡಲೇ ಕೈ ತೆಗೆಯಬೇಕು. ಹಚ್ಚುತ್ತ ಹಿಂದಕ್ಕೆ ಸರಿಯಬೇಕು. ಬೆರಳಿಗೆ ಇದೆಲ್ಲ ತಾನಾಗಿ ತಿಳಿಯುತ್ತದೆ, ಬಾಯಿ ಹಾಡುತ್ತಿರುತ್ತದೆ.

ಆ ದಿನ ನನ್ನ ಬೆರಳಿಗೆ ಏನೂ ತಿಳಿಯಲಿಲ್ಲ. ಎರಡು ಸಸಿ ಬಂತೋ ಆರು ಬಂತೋ ಕಣ್ಣಿನಿಂದ ನೋಡಬೇಕು. ತಳ ಸಿಕ್ಕಿತೋ ಇಲ್ಲವೋ ಅಂದಾಜು ಮಾಡಬೇಕು. ಆದರೂ ಹಚ್ಚುತ್ತ ಹೋದೆ. ಹೊತ್ತು ಏರಿದಾಗ ಹೊಲದ ಗೌಡ ಬದುವಿನ ಮೇಲೆ ಬಂದು ನಿಂತ.

"ಯಮ್ಮಾ, ಮುಂದಿನ ಸಾಲಾಗ ಸಸಿ ತೇಲಾಕತ್ತಾವಲ್ಲ. ನೀನಽ ಹಚ್ಚಿದ್ದೇನು?"

ತಲೆ ಎತ್ತಿ ನೋಡಿದೆ. ನನ್ನ ಸಾಲಿನುದ್ದಕ್ಕೂ ಸಸಿ ಅಡ್ಡ ಬಿದ್ದು ನೀರಿನ ಮೇಲೆ ತೇಲುತ್ತಿದ್ದವು. ಹೊಸದಾಗಿ ಗದ್ದೆಗಿಳಿದ ಹುಡುಗಿಯ ಸಾಲು ಹಾಗಿರುತ್ತದೆ.

"ಗಾಳಿ ಭಾಳ ಐತ್ರೀ ಗೌಡ್ರ" ಎಂದು ಜೋಡಿಯವಳು ಕೂಗಿದಳು. ಗಾಳಿ ಇರಲಿಲ್ಲ. ಅವಳು ತನ್ನ ಸಾಲು ಬಿಟ್ಟು ನನ್ನ ಸಸಿಗಳನ್ನು ಮತ್ತೆ ಒತ್ತುತ್ತ ಬಂದಳು. ಅವಳು ಮಾತಾಡದೆ ಇದ್ದದ್ದನ್ನು ನಾನು ಅಂದೇ ಕಂಡದ್ದು.

ಸಂಜೆ ಕಾಲುವೆಯಲ್ಲಿ ಕಾಲು ತೊಳೆಯುವಾಗ ನೋಡಿದರೆ ಬಲ ಅಂಗಾಲು ಬಾಯಿ ಬಿಟ್ಟಿತ್ತು. ಗಾಜೋ, ಚಿಪ್ಪೋ. ಯಾವಾಗ ಹೊಕ್ಕಿತೋ ನನಗೆ ಗೊತ್ತೇ ಆಗಿರಲಿಲ್ಲ. ಅರಿಶಿಣ ಒತ್ತಿ ಬಟ್ಟೆ ಕಟ್ಟಿದೆ. ಎರಡು ದಿನ ಕಳೆಯುವುದರೊಳಗೆ ಮೈ ಕೆಂಡವಾಯಿತು, ಹಲ್ಲು ಕಟಕಟ ಅನ್ನತೊಡಗಿದವು. ಸೊಸೆ ಲಿಂಗಸುಗೂರಿಗೆ ಸಾಗಿಸಿದಳು.

ಅಲ್ಲಿ ಬಹಳ ದಿನ ಮಲಗಿಸಿದರು. ಜ್ವರ ಇಳಿಯುವ ತನಕ ಗಂಟಿನ ಔಷಧ ಕೊಡಲು ಬರುವುದಿಲ್ಲ ಎಂದರು. ಸಲೈನು ಮುಂದೆ ಹೋಯಿತು, ಮತ್ತೂ ಮುಂದೆ ಹೋಯಿತು. ಡಾಕ್ಟರ್ ಬಾಯಿ ಗಂಟು ಮುಟ್ಟಿ ನೋಡಿ, ಅಳತೆ ಹಿಡಿದು, ಹಿಂದಿನ ಅಳತೆಯ ಜೊತೆ ನೋಡಿದರು.

"ಕುಗ್ಗಾಕತ್ತಿತ್ತು. ಈಗ ನಿಂತೈತಿ. ಇನ್ನ ತಡ ಆದ್ರ ಮತ್ತ ಬೆಳಿತೈತಿ. ಯಾರು ನಿಮಗ ಕೆಸರಿಗೆ ಇಳೀರಿ ಅಂದವರು?"

"ನೀವಽ ಮೈ ದುಡಸ್ರಿ ಅಂದ್ರಿ."

ಅವರು ಬೈಯಲಿಲ್ಲ. ಹಣೆ ಒತ್ತಿಕೊಂಡು ಕೂತರು. ಆಗ ನಾನು ಹೊಟ್ಟೆಯಲ್ಲಿದ್ದದ್ದನ್ನು ಕೇಳಿಬಿಟ್ಟೆ.

"ಹುಟ್ಟಿದಾಗಿಂದ ಕೆಸರಾಗ ಬಗ್ಗೀನ್ರಿ. ಮೈ ದುಡದ್ರ ಕಾವಲು ಕಣ ಓಡಾಡ್ತಾವ ಅಂತೀರಿ. ಮತ್ತ ನನಗ್ಯಾಕ ಬಂತು?"

"ಯಾಕ ಬಂತಂತ ಹೇಳಾಕ ನನಗೂ ಬರಂಗಿಲ್ರಿ. ಓಡೂ ಮಂದಿಗೂ ಬರ್ತೈತಿ. ಒಂದು ಕೇಳ್ತೀನಿ. ನಾಟಿ ಹಚ್ಚುವಾಗ ಹಾಡ್ತೀರಿಲ್ಲೋ?"

"ಹಾಡ್ತೀವಿ. ಮುಂಜಾನಿಂದ ಸಂಜಿ ಮಟ."

"ಹಾಡಾಕ ಬರ್ತೈತಿ ಅಂದ್ರ ಉಸಿರು ಏರಿಲ್ಲ ಅಂದಂಗ. ಸೊಂಟ ಮುರಿತೈತಿ, ಕೀಲು ಸವಿತಾವ, ದಣಿವಾಗ್ತೈತಿ. ಆದ್ರ ಎದಿ ಜೋರ ಬಡಿಯಂಗಿಲ್ಲ, ವಿಶ್ರಾಂತೀನೂ ಇಲ್ಲ. ದಣಿಯೂದು ಬ್ಯಾರೆ, ಇದು ಬ್ಯಾರೆ. ನಡಿಯುವಾಗ ಮಾತಾಡಾಕ ಬರಬೇಕು, ಹಾಡಾಕ ಬರಬಾರದು. ಅಷ್ಟು ಜೋರ ಇರ್ಲಿ. ಮತ್ತ ಈ ಔಷಧ ಗಂಟಿನ ಕೂಡ ನಿಮ್ಮ ಕಾವಲು ಕಣಾನೂ ಕೊಲ್ತೈತಿ. ಕೆಲವು ದಿನ ಮೈಯಾಗ ಕಾವಲಽ ಇರಂಗಿಲ್ಲ. ಅಂಥಾ ಮೈ ತಗೊಂಡು ಹೊಲಸು ನೀರಿಗೆ ಇಳಿದ್ರಿ."

ಸೊಸೆ ಬಾಯಿ ಬಿಟ್ಟು ನನ್ನನ್ನೇ ನೋಡುತ್ತಿದ್ದಳು. ಹೊರಸಿನ ಮೇಲೆ ಮಲಗಿಸಿದ್ದೂ ತಪ್ಪು, ಗದ್ದೆಗೆ ಹೋಗಿದ್ದೂ ತಪ್ಪು. ನಮಗೆ ಗೊತ್ತಿದ್ದದ್ದು ಇವೆರಡೇ.

ಬಿಟ್ಟು ಕಳಿಸಿದ ದಿನ ಬಸ್ಸು ಮಸ್ಕಿಯಲ್ಲಿ ನಿಂತಿತು. ಸೊಸೆ ಬಾಳೆಹಣ್ಣು ತರಲು ಇಳಿದಳು. ಕಿಟಕಿಯಿಂದ ಗುಡ್ಡ ಕಾಣುತ್ತಿತ್ತು. ಅದರ ಮೆಟ್ಟಿಲುಗಳನ್ನು ಯಾರೋ ಹತ್ತುತ್ತಿದ್ದರು, ನಿಂತು ಸುಧಾರಿಸಿಕೊಂಡು ಮತ್ತೆ ಹತ್ತುತ್ತಿದ್ದರು. ನಾನು ಜೋಡಿಯವಳಿಗೆ ಫೋನು ಹಚ್ಚಿದೆ. ಗದ್ದೆಯಲ್ಲೇ ಇದ್ದಳು, ಹಿಂದೆ ಹಾಡು ಕೇಳುತ್ತಿತ್ತು.

"ಮುಂದಿನ ಸಾಲು ನೀ ಹಿಡಿ" ಎಂದೆ.

"ಹಿಡದೀನಿ ಯಕ್ಕಾ. ನೀ ಬರೂ ಮಟ."

"ಬರೂ ಮಟ ಅಲ್ಲ. ನಿನ್ನ ಸಾಲು ಅಂತ ಹಿಡಿ. ನಾ ಇನ್ನ ಗದ್ದಿಗೆ ಇಳಿಯಂಗಿಲ್ಲ."

ಆ ಕಡೆ ಹಾಡು ನಡೆದಿತ್ತು. ಅವಳೆಂದಳು: "ನಿನ್ನ ಹಾಡು ನನಗ ಪೂರಾ ಬರಂಗಿಲ್ಲ."

"ಬಂದಷ್ಟು ಹಾಡು."

ಫೋನು ಇಟ್ಟೆ. ದುಃಖವಾಗಬೇಕಿತ್ತು ಅನಿಸುತ್ತದೆ. ಬೆರಳಿನ ಹಾಗೆ ಎದೆಯೂ ಜೋಮು ಹಿಡಿದಿತ್ತೋ ಏನೋ. ಬಾಳೆಹಣ್ಣು ಸುಲಿಯಲು ಬೆರಳು ಬಗ್ಗಲಿಲ್ಲ, ಸೊಸೆ ಸುಲಿದು ಕೊಟ್ಟಳು. ತಿಂದೆ.

ಸಿಂಧನೂರಿನಲ್ಲಿ ಇಳಿದು ಬೂಟು ತಗೊಂಡೆವು. ಅಂಗಾಲಿಗೆ ಏನು ಚುಚ್ಚಿದರೂ ತಿಳಿಯುವುದಿಲ್ಲವಾದ್ದರಿಂದ ಬರಿಗಾಲು ಬೇಡವೆಂದಿದ್ದರು. ಸೀರೆಯ ಕೆಳಗೆ ಗಂಡಸರ ಕ್ಯಾನ್ವಾಸ್ ಬೂಟು. ಲೇಸು ಕಟ್ಟಲು ನನ್ನ ಬೆರಳಿಗೆ ಆಗುತ್ತಿರಲಿಲ್ಲ. ಸೊಸೆ ದಿನವೂ ಕುಕ್ಕರುಗಾಲಲ್ಲಿ ಕೂತು ಕಟ್ಟುತ್ತಿದ್ದಳು. ತಿರುಗಿ ಬಂದ ಮೇಲೆ ಅಂಗಾಲನ್ನು ಬೆಳಕಿಗೆ ಹಿಡಿದು ಕಣ್ಣಿನಿಂದ ನೋಡಬೇಕು, ಗಾಯ ಇದೆಯೋ ಎಂದು.

ಮೊದಲ ದಿನ ಓಣಿಯ ತುದಿಗೆ ಹೋಗಿ ಗೋಡೆಗೆ ಒರಗಿ ನಿಂತೆ. ಸಲೈನು ಆದ ದಿನಗಳಲ್ಲಿ ಹೊಸ್ತಿಲ ತನಕ ಮಾತ್ರ. ಅದೂ ಲೆಕ್ಕಕ್ಕಿದೆ ಎಂದು ಡಾಕ್ಟರ್ ಬಾಯಿ ಹೇಳಿದ್ದರು. ಬರಬರುತ್ತ ಕಾಲುವೆ ದಂಡೆಗೆ ಮುಟ್ಟಿದೆ. ಜೋರು ಎಷ್ಟಿದೆಯೆಂದು ನೋಡಲು ನಾಟಿಯ ಹಾಡು ತೆಗೆಯುತ್ತಿದ್ದೆ. ಪೂರಾ ಬಂದರೆ ಕಾಲು ಚುರುಕು ಮಾಡುವುದು. ಒಂದು ಸಾಲಿಗೇ ಉಸಿರು ಕಟ್ಟಿದರೆ ನಿಧಾನ ಮಾಡುವುದು. ನನ್ನ ಹತ್ತಿರ ಬೇರೆ ಯಂತ್ರ ಇರಲಿಲ್ಲ.

ಕಾಲಿಗಿಂತ ಬಾಯಿಗೆ ತ್ರಾಸಾಯಿತು. ನಮ್ಮಲ್ಲಿ ಹೆಂಗಸು ಕೆಲಸವಿಲ್ಲದೆ ನಡೆಯುವುದಿಲ್ಲ. ಕೊಡ ಇರಬೇಕು, ಕುಡುಗೋಲು ಇರಬೇಕು, ಬುತ್ತಿ ಗಂಟು ಇರಬೇಕು. ಬರಿಗೈಯಲ್ಲಿ ಹೊರಟರೆ ಎದುರಿಗೆ ಸಿಕ್ಕವರೆಲ್ಲ, "ಎಲ್ಲಿಗೆ ಹೊಂಟೀಬೇ?" ಎಂದು ಕೇಳುತ್ತಾರೆ. ಎಲ್ಲಿಗೂ ಇಲ್ಲ ಎಂದರೆ ನಿಂತು ನೋಡುತ್ತಾರೆ. ಔಷಧ ತಲೆಗೇರಿದೆ ಎಂದು ಒಬ್ಬಾಕೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ಆದ್ದರಿಂದ ಒಂದು ಹಳೆಯ ಬುಟ್ಟಿ ತಲೆಯ ಮೇಲಿಟ್ಟುಕೊಂಡೆ. ಒಳಗೆ ಏನೂ ಇಲ್ಲ. ಅಂದಿನಿಂದ ಯಾರೂ ಕೇಳಲಿಲ್ಲ.

ಗದ್ದೆಗೆ ಹೋಗುವ ನಮ್ಮ ಟಂಟಂ ದಂಡೆಯ ಮೇಲೇ ಹಾಯುತ್ತಿತ್ತು. ಜೋಡಿಯವಳು ಹೊರಗೆ ಕತ್ತು ಹಾಕಿ ಕೂಗುತ್ತಿದ್ದಳು.

"ಯಕ್ಕಾ, ಬುಟ್ಟಿಯಾಗ ಏನೈತಿ?"

"ನಿನ್ನ ಗಂಡನ ಬುದ್ಧಿ ಐತಿ!"

"ಹಂಗಾದ್ರ ಭಾರ ಆಗಂಗಿಲ್ಲ ಬಿಡು!"

ಹೆಣ್ಣಾಳುಗಳು ನಗುತ್ತ ಹೋಗುತ್ತಿದ್ದರು. ಧೂಳು ಕೂತ ಮೇಲೆ ನಾನು ಮತ್ತೆ ನಡೆಯುತ್ತಿದ್ದೆ.

ಸಲೈನುಗಳು ತಪ್ಪದೆ ನಡೆದವು. ಕುರ್ಚಿಯಿಂದ ಕೈ ಊರದೆ ಎದ್ದು ನಿಂತೆ. ಕಡೆಯ ಸಲೈನು ಹತ್ತಿರ ಬಂದಾಗ ಒಂದು ಮುಂಜಾನೆ ಸೊಸೆ ಗಿರಣಿಯಿಂದ ಹಿಟ್ಟು ತಂದು ಧೊಪ್ಪನೆ ಇಟ್ಟಳು. ನನ್ನ ಬುಟ್ಟಿಯನ್ನು ಎತ್ತಿ ಅಟ್ಟಕ್ಕೆ ಎಸೆದಳು.

"ಏನಾತಬೇ?"

"ಗಿರಣಿಯಾಗ ಮಂದಿ ಮುಂದ ನನ್ನ ಮಾನ ಕಳದ್ರು ಅತ್ತಿ. ಕ್ಯಾನ್ಸರ್ ಆದ ಅತ್ತಿನ ಬುಟ್ಟಿ ಕೊಟ್ಟು ಸೆಗಣಿ ಆರಿಸಾಕ ಕಳಿಸ್ತಾಳಂತ. ಒಂದೊಂದು ದಿನ ಸೆಗಣಿ ಸಿಗದಽ ನೀ ಖಾಲಿ ಬುಟ್ಟಿ ತರ್ತೀಯಂತ, ಅದಕ್ಕ ನಾ ಕೂಳು ಹಾಕಂಗಿಲ್ಲಂತ! ನಿನ್ನ ವಾಂತಿ ಬಳದಾಕಿ ನಾನು. ಬೂಟು ಕಟ್ಟಾಕಿ ನಾನು."

ಅಳುತ್ತಲೇ ಒಲೆಯ ಮುಂದೆ ಕೂತಳು. ಬುಟ್ಟಿ ನನ್ನ ಬಾಯಿ ಉಳಿಸಿತ್ತು, ಅವಳ ಹೆಸರು ತಿಂದಿತ್ತು. ಅದು ನನ್ನ ತಲೆಗೆ ಹೊಳೆದಿರಲಿಲ್ಲ.

"ಲಿಂಗಸುಗೂರಿಗೆ ಹೋಗಿ ಬರೂ ಮಟ ಹೊರಗ ಕಾಲಿಡಬ್ಯಾಡ. ನನ್ನ ಮ್ಯಾಲ ಕರುಣಾ ಇದ್ರ" ಎಂದಳು. ಕಾಲಿಡಲಿಲ್ಲ. ಅಂಗಳದಲ್ಲೇ ಗೋಡೆಯಿಂದ ಗೋಡೆಗೆ ತಿರುಗಿದೆ. ಉಸಿರು ಏರಲಿಲ್ಲ.

ಲಿಂಗಸುಗೂರಿನಲ್ಲಿ ಕಡೆಯ ಸಲೈನು ಆಯಿತು. ಸ್ಕ್ಯಾನು ತೆಗೆದರು. ಡಾಕ್ಟರ್ ಬಾಯಿ ಅದನ್ನು ದೀಪಕ್ಕೆ ಹಿಡಿದು ನೋಡಿದರು, ಕೈಯಿಂದಲೂ ಮುಟ್ಟಿ ನೋಡಿದರು.

"ಚರ್ಮ ಬಿಟ್ಟೈತಿ. ಕುಗ್ಗೈತಿ. ಆಪರೇಶನ್ ಮಾಡಾಕ ಬರ್ತೈತಿ."

"ನಡದದ್ದಕ್ಕೇನ್ರಿ?"

"ಔಷಧಕ್ಕ. ಒಳಗ ನಿಮ್ಮ ನಡಿಗಿ ಔಷಧಕ್ಕ ಎಷ್ಟು ಕೈ ಹಚ್ಚೈತೋ ನಾ ಹೇಳಾಕ ಬರಂಗಿಲ್ಲ. ನಿಮ್ಮೊಬ್ಬರ ಮೈ ನೋಡಿ ಯಾರಿಗೂ ಹೇಳಾಕ ಬರಂಗಿಲ್ಲ. ಆದ್ರ ಜ್ವರ ಆದ ಮ್ಯಾಲೂ ಪೂರಾ ಔಷಧ ತಡಕೊಂಡ್ರಲ್ಲ, ಅದು ನಡಿಗಿದ್ದು. ಆಪರೇಶನ್ ದಿನದ ಮಟ ಬಿಡಬ್ಯಾಡ್ರಿ. ಆಮ್ಯಾಲೂ ಬಿಡಬ್ಯಾಡ್ರಿ."

"ಬೆರಳಿಂದು?"

"ಬರಬಹುದು. ಪೂರಾ ಬರದಽ ಇರಬಹುದು."

ಬಸ್ಸಿನಲ್ಲಿ ಸೊಸೆ ಸ್ಕ್ಯಾನಿನ ಲಕೋಟೆಯನ್ನು ಊರು ಬರುವ ತನಕ ಮಡಿಲಲ್ಲಿ ಒತ್ತಿ ಹಿಡಿದಿದ್ದಳು.

ಸಲೈನಿನ ಸುಸ್ತು ಇಳಿದ ಮುಂಜಾನೆ ನಾನು ಹೊಸ್ತಿಲ ಮೇಲೆ ಕೂತು ಬೂಟಿಗೆ ಕಾಲು ತೂರಿಸಿದೆ. ಲೇಸು ಹಾಗೇ ಇಳಿಬಿದ್ದಿತ್ತು. ಸೊಸೆ ಒಳಗಿಂದ ಬಂದಳು. ಅವಳ ಕೈಯಲ್ಲಿ ಬುಟ್ಟಿ ಇತ್ತು, ಅಟ್ಟದ ಜೇಡರಬಲೆ ಒರೆಸಿದ್ದಳು.

"ಅಂದ್ರ ಅನ್ಲಿ. ತಗೋ" ಎಂದಳು.

"ಬ್ಯಾಡ. ಲೇಸು ಕಟ್ಟು."

ಕೂತು ಕಟ್ಟಿದಳು. ಎರಡು ಗಂಟು ಹಾಕಿದಳು. ನಾನು ಬರಿಗೈಯಲ್ಲಿ ಹೊರಟೆ.

ದಂಡೆಯ ಮೇಲೆ ನಮ್ಮ ಊರಿನ ಮುದುಕನೊಬ್ಬ ಎಮ್ಮೆ ಹೊಡೆದುಕೊಂಡು ಎದುರು ಬಂದ. ಅವನ ಹಿಂದೆ ಗಿರಣಿಗೆ ಹೊರಟ ಹೆಂಗಸರು ಇಬ್ಬರು ಇದ್ದರು. ನನ್ನ ಖಾಲಿ ತಲೆ, ಖಾಲಿ ಕೈ, ಬೂಟು ಎಲ್ಲ ನೋಡಿ ಅವನು ಎಮ್ಮೆ ನಿಲ್ಲಿಸಿದ.

"ಎಲ್ಲಿಗೆ ಹೊಂಟೀಬೇ?"

"ಎಲ್ಲಿಗೂ ಇಲ್ಲ" ಎಂದೆ, ಹಿಂದಿನವರಿಗೂ ಕೇಳುವ ಹಾಗೆ. "ಎದಿಯಾಗ ಕ್ಯಾನ್ಸರ್ ಐತಿ. ಅದಕ್ಕಂತ ನಡಿಯಾಕತ್ತೀನಿ. ನನ್ನ ಸೊಸಿ ಬೂಟು ಕಟ್ಟಿ ಕಳಿಸ್ಯಾಳ."

ಅವನು ಎಮ್ಮೆಯನ್ನು ದಾರಿಯ ಬದಿಗೆ ಒತ್ತಿ ಹಿಡಿದ. ನಾನು ಅವರೆಲ್ಲರನ್ನು ದಾಟಿ ತೂಬಿನ ತನಕ ಹೋದೆ, ಕಾಲು ಚುರುಕು ಮಾಡಿ ಹಾಡು ತೆಗೆದೆ. ಎರಡನೆಯ ಸಾಲಿಗೆ ಉಸಿರು ಸಾಲದೆ ಹಾಡು ನಿಂತಿತು. ಜೋರು ಸರಿಯಿದೆ ಎಂದು ಹಾಗೇ ನಡೆದೆ.